ಒಂದನೇ ಕ್ಲಾಸಿನ ಅರ್ಧ ವರ್ಷ ಮುಗಿಯಿತು, ಮಗಳಿಗೆ ಅಆಇಈ ಬರುತ್ತಿಲ್ಲ. ಶಾಲೆ ಬದಲಾಯಿಸಬೇಕಾ?

ಹುಣಸೂರಿನ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮದು ಹುಣಸೂರು ಪಕ್ಕದ ಹಳ್ಳಿ. ಮಗಳನ್ನು ಈ ವರ್ಷ ಊರಿನ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಿದೆವು. 2025ರ ಮೇ 29ಕ್ಕೆ ಶಾಲೆ ಶುರುವಾಯಿತು. ಈಗ ದಸರಾ ರಜೆ. ಅಲ್ಲಿಗೆ ಮೊದಲ ಅವಧಿ ಮುಗಿದ ಹಾಗೆ.

ಮಗಳಿಗೆ ಶಾಲೆ ಅಂದರೆ ಇಷ್ಟ. ಬೆಳಿಗ್ಗೆ ಎಬ್ಬಿಸುವ ಕಷ್ಟ ಇಲ್ಲ. ಮನೆಗೆ ಬಂದರೆ ಹಾಡು, ಕುಣಿತ, ಯಾರು ಯಾವ ಗುಂಪಿನಲ್ಲಿ ಕೂತರು ಅನ್ನುವ ಕಥೆ. ಆದರೆ ಅಆಇಈ ಹೇಳು ಅಂದರೆ ಅ ಹೇಳಿ ನಿಲ್ಲಿಸುತ್ತಾಳೆ. ಒಂದರಿಂದ ನೂರು ಬರೆಯಲು ಬರುವುದಿಲ್ಲ. ಮೈಸೂರಿನಲ್ಲಿರುವ ನಮ್ಮ ಭಾವನ ಮಗನಿಗೆ ಇವಳದೇ ವಯಸ್ಸು, ಪ್ರೈವೇಟ್ ಶಾಲೆ. ಎಬಿಸಿಡಿ ಪೂರ್ತಿ ಹೇಳುತ್ತಾನೆ, ನೂರರವರೆಗೆ ಬರೆಯುತ್ತಾನೆ, ಇಂಗ್ಲಿಷ್ ಪದ್ಯವೂ ಬರುತ್ತೆ. ಮಹಾಲಯ ಅಮಾವಾಸ್ಯೆಗೆ ಎಲ್ಲರೂ ಸೇರಿದ್ದಾಗ ಇಬ್ಬರನ್ನೂ ನಿಲ್ಲಿಸಿ ಹೇಳಿಸಿದರು. ಇವಳು ನನ್ನ ಸೆರಗು ಹಿಡಿದುಕೊಂಡು ಸುಮ್ಮನೆ ನಿಂತಳು. ಅವತ್ತಿನಿಂದ ಮನೆಯಲ್ಲಿ ದಿನಾ ಇದೇ ಮಾತು.

ರಜೆಗೆ ಮುಂಚೆ ಮಿಸ್ ಅವರನ್ನು ಕೇಳಿದೆ. "ರ ಗ ಸ ದ ಅ ಆಗಿದೆ, ಜ ವ ಮ ಬ ನ ಶುರುವಾಗಿದೆ, ಚೆನ್ನಾಗಿ ಕಲಿಯುತ್ತಿದ್ದಾಳೆ" ಅಂದರು. ನಾವು ಕಲಿತ ಕ್ರಮ ಇದಲ್ಲ. ಇಷ್ಟು ತಿಂಗಳಿಗೆ ಇಷ್ಟೇ ಅಕ್ಷರ ಸಾಕಾ? ರಜೆ ಮುಗಿದ ಮೇಲೆ ಶಾಲೆ ಬದಲಾಯಿಸಬೇಕಾ? ತಿಳಿದವರು ದಯವಿಟ್ಟು ಹೇಳಿ.

ದುರ್ಗದ ನಲಿಕಲಿ ಟೀಚರ್:

ಅಮ್ಮ, ನಾನು ಚಿತ್ರದುರ್ಗ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು, ಕಾರ್ಡ್ ಹಿಡಿದು ಕಲಿಯುವ ಸರ್ಕಾರಿ ಶಾಲೆಯ ಪದ್ಧತಿ ಇದು, ನಿಮ್ಮ ಮಗಳದೂ ಇದೇ. ನಿಮ್ಮ ಪ್ರಶ್ನೆ ನನಗೆ ಪ್ರತಿ ವರ್ಷ ಇದೇ ಹೊತ್ತಿಗೆ ಬರುತ್ತೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಅಕ್ಷರದ ಕ್ರಮ. ಹಳೇ ಕ್ರಮದಲ್ಲಿ ಅ ಇಂದ ಔವರೆಗೆ 13 ಸ್ವರ ಮೊದಲು ಕಲಿಸುತ್ತಿದ್ದರು. ಅಷ್ಟನ್ನೂ ಕಲಿತ ಮಗು ಎಷ್ಟು ಪದ ಓದಬಹುದು ಹೇಳಿ? ಹೆಚ್ಚು ಕಮ್ಮಿ ಒಂದೂ ಇಲ್ಲ. ಕನ್ನಡದಲ್ಲಿ ಸ್ವರ ಬಿಡಿಯಾಗಿ ಬರುವುದು ಪದದ ಮೊದಲಲ್ಲಿ ಮಾತ್ರ. ಮಿಕ್ಕಿದ್ದೆಲ್ಲ ವ್ಯಂಜನ, ಕಾಗುಣಿತ. ಹಾಗಾಗಿ ತಿಂಗಳುಗಟ್ಟಲೆ ಬರೆದರೂ ಮಗುವಿಗೆ ಓದಿನ ರುಚಿ ಸಿಗುತ್ತಿರಲಿಲ್ಲ.

ಈಗ ರ ಗ ಸ ದ ಅ ನೋಡಿ. ಐದೇ ಅಕ್ಷರ. ಅದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಬಂತು. ಜ ವ ಮ ಬ ನ ಸೇರಿದರೆ ಮರ, ಮಗ, ಜನ, ಬನ, ನಗರ, ಗಮನ, ಅವಸರ. ಬರೆಯುವುದಕ್ಕೂ ಇದು ಅನುಕೂಲ. ರ, ಗ, ಸ, ದ ನಾಲ್ಕಕ್ಕೂ ತಲೆಕಟ್ಟು ಒಂದೇ ಥರ. ವ ಬರೆಯಲು ಬಂದ ಮಗುವಿಗೆ ಮ ಹೇಳಿಕೊಡುವುದು ಸುಲಭ, ಪಕ್ಕದಲ್ಲಿ ಒಂದು ಸುರುಳಿ ಸೇರಿಸಿದರೆ ಆಯಿತು.

ನಿಮ್ಮ ಮಗಳನ್ನು ಅಆಇಈ ಹೇಳು ಅಂತ ಕೇಳಬೇಡಿ. ಒಂದು ಹಾಳೆಯಲ್ಲಿ "ಅರಸ" ಅಂತ ದಪ್ಪಗೆ ಬರೆದು, ಏನೂ ಹೇಳದೆ ಮುಂದೆ ಇಡಿ. ಏನು ಮಾಡುತ್ತಾಳೆ ನೋಡಿ, ಇಲ್ಲಿ ಬಂದು ಬರೆಯಿರಿ.

ಎರಡನೆಯದು, ಅಕ್ಷರಕ್ಕೆ ಯಾಕೆ ಇಷ್ಟು ತಡ ಅನ್ನುವುದು. ಶುರುವಿನ ತಿಂಗಳುಗಳಲ್ಲಿ ಅಕ್ಷರ ಇರುವುದಿಲ್ಲ. ವಿದ್ಯಾಪ್ರವೇಶ ಅಂತ ಒಂದು ಕಾರ್ಯಕ್ರಮ ಇದೆ, ಕೇಂದ್ರದ ಪಠ್ಯ ಸಂಸ್ಥೆ ಎನ್‌ಸಿಇಆರ್‌ಟಿ 2021ರಲ್ಲಿ ತಂದಿದ್ದು. ಮೂರು ತಿಂಗಳ ಆಟದ ಕಲಿಕೆ. ಹಾಡು, ಕಥೆ, ಮಣ್ಣಿನ ಕೆಲಸ, ಮಣಿ ಪೋಣಿಸುವುದು, ದೊಡ್ಡದು-ಚಿಕ್ಕದು ಬೇರೆ ಮಾಡುವುದು, ಗೆರೆ ಎಳೆಯುವುದು. ನೋಡುವವರಿಗೆ ಇದು ಪಾಠ ಅನ್ನಿಸುವುದಿಲ್ಲ. ನಮ್ಮಲ್ಲಿಗೆ ಬರುವ ಎಷ್ಟೋ ಮಕ್ಕಳು ಜೂನ್‌ನಲ್ಲಿ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಈ ಸಲ ಒಬ್ಬ ಹುಡುಗ ಮೊದಲ ವಾರ ಬ್ಯಾಗ್ ಹೆಗಲಿನಿಂದ ಇಳಿಸಲೇ ಇಲ್ಲ. ಊಟಕ್ಕೂ ಬ್ಯಾಗ್ ಹಾಕಿಕೊಂಡೇ ಕೂರುತ್ತಿದ್ದ. ಯಾವಾಗ ಬೇಕಾದರೂ ಮನೆಗೆ ಹೊರಡಲು ರೆಡಿ. ಅವನು ಬ್ಯಾಗ್ ತೆಗೆದು ಮೂಲೆಯಲ್ಲಿ ಇಟ್ಟು, ಎರಡನೇ ಕ್ಲಾಸಿನ ಹುಡುಗಿಯ ಪಕ್ಕ ಕೂತು ಅವಳ ಕಾರ್ಡ್ ಇಣುಕಿ ನೋಡಿದ ದಿನ ನನಗೆ ದೊಡ್ಡ ದಿನ. ಅದಕ್ಕೆ ಮಾರ್ಕ್ಸ್ ಕಾರ್ಡಿನಲ್ಲಿ ಜಾಗ ಇಲ್ಲ. ಆದರೆ ಅದು ಆಗದೆ ರ ಗ ಸ ಯಾವುದೂ ಆಗುವುದಿಲ್ಲ.

ತುಮಕೂರಿನ ಅಪ್ಪ:

ಟೀಚರ್ ಮೇಡಂ ಹೇಳಿದ್ದು ಪುಸ್ತಕದಲ್ಲಿ ಸರಿ. ನಾನು ಕಂಡಿದ್ದು ಬೇರೆ. ನನ್ನ ದೊಡ್ಡ ಮಗ ಸರ್ಕಾರಿ ಶಾಲೆಯಲ್ಲಿ ಮೂರು ವರ್ಷ ನಲಿ-ಕಲಿಯಲ್ಲಿ ಓದಿದ. ಒಂದು, ಎರಡು, ಮೂರನೇ ಕ್ಲಾಸು ಒಂದೇ ಕೋಣೆ, ಮೂವತ್ತಕ್ಕೂ ಜಾಸ್ತಿ ಮಕ್ಕಳು, ಒಬ್ಬರೇ ಟೀಚರ್. ಅವರೇ ಹೆಡ್ ಮಿಸ್ ಕೂಡ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಮೀಟಿಂಗ್, ಬಿಎಲ್‌ಒ (ಮತದಾರರ ಪಟ್ಟಿ) ಕೆಲಸ ಎಲ್ಲ ಅವರದೇ. ಒಳ್ಳೆಯವರು, ಒಂದು ದಿನವೂ ಮಕ್ಕಳ ಮೇಲೆ ಕೈ ಮಾಡಿದವರಲ್ಲ. ಆದರೆ ಮಗನ ಪಕ್ಕ ಕೂತು ಓದಿಸಲು ಅವರಿಗೆ ಪುರುಸೊತ್ತು ಎಲ್ಲಿತ್ತು?

ನಾಲ್ಕನೇ ಕ್ಲಾಸಿಗೆ ಹೋದಾಗ ಅವನಿಗೆ ಒತ್ತಕ್ಷರ ಇರುವ ಒಂದು ಸಾಲು ಓದಲು ಬರುತ್ತಿರಲಿಲ್ಲ. ನಾಲ್ಕರಲ್ಲಿ ಪಠ್ಯಪುಸ್ತಕ ಏಕ್‌ದಮ್ ದಪ್ಪ. ಮಗು ತಬ್ಬಿಬ್ಬಾಯಿತು. ಚಿಕ್ಕವನನ್ನು ಬೇರೆ ಕಡೆ ಸೇರಿಸಿದೆ.

ಹುಣಸೂರಿನ ಅಕ್ಕನಿಗೆ ನಾನು ಹೇಳುವುದು ಇಷ್ಟೆ. ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಅಂತ ನೋಡಬೇಡಿ. ನಿಮ್ಮ ಶಾಲೆಯಲ್ಲಿ ಟೀಚರ್ ಎಷ್ಟು ಜನ ಇದ್ದಾರೆ ಅಂತ ನೋಡಿ.

ಕೋಟೆ ಮೇಷ್ಟ್ರು (ನಿವೃತ್ತ):

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ ಕೆಲಸ ಮಾಡಿ ನಿವೃತ್ತನಾದವನು. ನಲಿ-ಕಲಿ ಹುಟ್ಟಿದ್ದೇ ನಮ್ಮ ತಾಲ್ಲೂಕಿನಲ್ಲಿ, 1995ರಲ್ಲಿ. ಹುಣಸೂರು ನಮ್ಮ ಪಕ್ಕದ್ದೇ, ಆದ್ದರಿಂದ ಮಗಳಿಗೆ ಹೇಳಿದ ಹಾಗೆ ಹೇಳುತ್ತೇನೆ.

ಆಂಧ್ರದ ಮದನಪಲ್ಲಿ ಹತ್ತಿರ ಋಷಿವ್ಯಾಲಿ ಅಂತ ಇದೆ. ಅದರ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡ್ ಹಿಡಿದು ತಮ್ಮ ಪಾಡಿಗೆ ತಾವು ಕಲಿಯುವ ಪದ್ಧತಿ ಇತ್ತು. ನಮ್ಮ ತಾಲ್ಲೂಕಿನ ಶಿಕ್ಷಕರು ಅದನ್ನು ನೋಡಿಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ ಇಲ್ಲಿ ಶುರುಮಾಡಿದರು. ಕಾರ್ಡುಗಳನ್ನು ಶಿಕ್ಷಕರೇ ಕೂತು ಬರೆದರು. ಮೇಲಿನಿಂದ ಬಂದ ಸುತ್ತೋಲೆಯಿಂದ ಹುಟ್ಟಿದ್ದಲ್ಲ ಇದು. ಈ ಮಾತನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದಿದ್ದು ಬಹಳ ತಡವಾಗಿ. 2009-10ರಲ್ಲಿ ಒಂದು ಮತ್ತು ಎರಡನೇ ತರಗತಿಗೆ, ಮರುವರ್ಷ ಮೂರನೆಯದಕ್ಕೆ.

ಯಾಕೆ ಬೇಕಾಯಿತು ಅನ್ನುವುದು ಮುಖ್ಯ. ನಮ್ಮಲ್ಲಿ ಕಾಡಂಚಿನ ಹಾಡಿಗಳಿವೆ, ಜೇನುಕುರುಬರ ಮಕ್ಕಳು ಇದ್ದಾರೆ. ಅಪ್ಪ ಅಮ್ಮ ಕೊಡಗಿನ ತೋಟಕ್ಕೆ ಕೂಲಿಗೆ ಹೋದರೆ ಮಕ್ಕಳೂ ಜೊತೆಗೆ ಹೋಗುತ್ತಿದ್ದರು. ವಾರಗಟ್ಟಲೆ ಶಾಲೆ ಇಲ್ಲ. ವಾಪಸು ಬಂದಾಗ ಪುಸ್ತಕ ಎಂಟನೇ ಪಾಠದಲ್ಲಿ ಇರುತ್ತಿತ್ತು, ಮಗು ಮೂರನೆಯದರಲ್ಲಿ. ಬಸ್ಸು ತಪ್ಪಿಸಿಕೊಂಡವರ ಹಾಗೆ ಮಗು ಬಾಗಿಲಲ್ಲಿ ನಿಂತು ನೋಡುವುದು, ನಾವು "ಯಾಕೋ ಬರಲಿಲ್ಲ" ಅಂತ ಬೈಯುವುದು. ಆಮೇಲೆ ಆ ಮಗು ಬರುವುದೇ ನಿಂತುಹೋಗುತ್ತಿತ್ತು.

ಕಲಿಕಾ ಏಣಿ ಅಂತ ಗೋಡೆ ಮೇಲೆ ಇರುತ್ತದಲ್ಲ, ಅದು ಈ ಮಕ್ಕಳಿಗಾಗಿ ಬಂದಿದ್ದು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಒಂದು ಕಾರ್ಡ್. ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಕಾರ್ಡ್ ತೆಗೆದುಕೊಂಡು ಕೂರಬಹುದು. ಮುಂದೆ ಹೋದವನಿಗೆ ಕಾಯುವ ಕೆಲಸ ಇಲ್ಲ, ಹಿಂದೆ ಉಳಿದವನಿಗೆ ಅವಮಾನ ಇಲ್ಲ. ಮೂರು ತರಗತಿ ಒಟ್ಟಿಗೆ ಇರುವುದೂ ಅದಕ್ಕೇ. ದೊಡ್ಡ ಮಗು ಚಿಕ್ಕ ಮಗುವಿಗೆ ಹೇಳಿಕೊಡುತ್ತದೆ. ಗುಂಪುಗಳಿಗೆ ತಟ್ಟೆ ಅನ್ನುತ್ತೇವೆ. ಒಂದು ತಟ್ಟೆಯಲ್ಲಿ ಕೂತವರಿಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದರಲ್ಲಿ ಅರ್ಧ ಸಹಾಯ, ಮತ್ತೊಂದರಲ್ಲಿ ಗೆಳೆಯರ ಸಹಾಯ, ಕೊನೆಗೆ ಸ್ವಂತ ಕಲಿಕೆ. ನಿಮ್ಮ ಮಗಳು ಮನೆಗೆ ಬಂದು ಯಾರು ಯಾವ ಗುಂಪಿನಲ್ಲಿ ಕೂತರು ಅಂತ ಹೇಳುತ್ತಾಳೆ ಅಂದಿರಿ. ಅವಳಿಗೆ ತಾನು ಎಲ್ಲಿದ್ದೇನೆ, ಮುಂದೆ ಎಲ್ಲಿ ಹೋಗಬೇಕು ಅಂತ ಗೊತ್ತಿದೆ ಅಂತ ಅರ್ಥ. ಅದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ತುಮಕೂರಿನವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಶಿಕ್ಷಕರು ಮಕ್ಕಳ ಜೊತೆ ನೆಲದ ಮೇಲೆ ಕೂರಲು ಸಮಯ ಇದ್ದರೆ ಮಾತ್ರ ಇದು ನಡೆಯುತ್ತದೆ. ಒಬ್ಬರೇ ಇದ್ದು, ಅವರನ್ನೂ ದಿನಾ ಬೇರೆ ಕೆಲಸಕ್ಕೆ ಎಳೆದರೆ ಕಾರ್ಡುಗಳು ಬೀರುವಿನಲ್ಲೇ ಉಳಿಯುತ್ತವೆ.

ತಾಂಡಾ ಶಾಲೆ ಸರ್:

ಮೇಷ್ಟ್ರೇ, ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಒಂದು ತಾಂಡಾದಲ್ಲಿ ಇದ್ದೇನೆ. ನಮ್ಮ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಅವ್ವನಿಗೆ ಯಾಡಿ, ರೊಟ್ಟಿಗೆ ಬಾಟಿ, ನೀರಿಗೆ ಪಾಣಿ. ಒಂದನೇ ಕ್ಲಾಸಿಗೆ ಬಂದ ದಿನ ನನ್ನ ಕನ್ನಡ ಅವರಿಗೆ ಅರ್ಧಂಬರ್ಧ ತಿಳಿಯುತ್ತದೆ. ಅಂಥ ಮಗುವಿಗೆ "ಅಗಸ" ಅಂತ ಓದಿಸಿ ಏನು ಪ್ರಯೋಜನ, ಅಗಸ ಅಂದರೆ ಯಾರು ಅಂತಲೇ ಗೊತ್ತಿಲ್ಲದಿದ್ದರೆ?

ಹಾಗಾಗಿ ನಮ್ಮಲ್ಲಿ ಮೊದಲ ಅವಧಿ ಪೂರ್ತಿ ಮಾತೇ ಮಾತು. ಮೂರನೇ ಕ್ಲಾಸಿನ ಹುಡುಗಿಯರು ನನಗೆ ದುಭಾಷಿಗಳು. ನಾನು ಕಥೆ ಹೇಳುತ್ತೇನೆ, ಅವರು ನಡುನಡುವೆ ಲಂಬಾಣಿಯಲ್ಲಿ ಹೇಳುತ್ತಾರೆ. ಸಣ್ಣವರು ಉತ್ತರ ಲಂಬಾಣಿಯಲ್ಲೇ ಕೊಟ್ಟರೂ ನಾನು ತೆಗೆದುಕೊಳ್ಳುತ್ತೇನೆ. "ಹೌದು, ಪಾಣಿ. ಕನ್ನಡದಾಗ ನೀರು." ಇಷ್ಟೇ. ತಪ್ಪು ಅನ್ನುವುದಿಲ್ಲ. ಗಣೇಶ ಹಬ್ಬದ ಹೊತ್ತಿಗೆ ಕನ್ನಡ ಬಾಯಿಗೆ ಬರುತ್ತದೆ, ಅಲ್ಲಿಂದ ಅಕ್ಷರ ಸರಾಗ.

ಇದನ್ನು ಯಾಕೆ ಹೇಳಿದೆ ಅಂದರೆ, ಕಬ್ಬು ಕಡಿಯುವ ಹಂಗಾಮಿಗೆ ದಸರಾ, ದೀಪಾವಳಿ ಹಿಂದೆಮುಂದೆ ನಮ್ಮ ಎಷ್ಟೋ ಮನೆಯವರು ಮಹಾರಾಷ್ಟ್ರದ ಕಡೆ ಹೊರಡುತ್ತಾರೆ. ಕೆಲವು ಮಕ್ಕಳಿಗೆ ವರ್ಷದಲ್ಲಿ ಸಿಗುವುದೇ ಈ ಮೊದಲ ಅವಧಿ. ಅಜ್ಜಿ ಮನೆಯಲ್ಲಿ ಉಳಿದ ಮಕ್ಕಳು ಮಾತ್ರ ಎರಡನೇ ಅವಧಿಗೆ ಇರುತ್ತಾರೆ. ಅದಕ್ಕೆ ಸೆಪ್ಟೆಂಬರ್‌ನಲ್ಲಿ ನಾನು ಪ್ರತಿ ಮನೆಗೆ ಹೋಗಿ "ಅಜ್ಜಿ ಹತ್ತಿರ ಬಿಟ್ಟು ಹೋಗಿ" ಅಂತ ಕೈಮುಗಿದು ಕೇಳುತ್ತೇನೆ. ಬಿಸಿಯೂಟ ಇದೆ, ಹಾಲು ಇದೆ, ಈಗ ವಾರಕ್ಕೆ 6 ದಿನ ಮೊಟ್ಟೆಯೋ ಬಾಳೆಹಣ್ಣೋ ಇದೆ, ಮಗು ಹಸಿದಿರುವುದಿಲ್ಲ ಅನ್ನುತ್ತೇನೆ. ಕೆಲವರು ಕೇಳುತ್ತಾರೆ.

ಬೆಂಗಳೂರು ನರ್ಸರಿ ಮಿಸ್:

ನಾನು ಹತ್ತು ವರ್ಷಕ್ಕೂ ಹೆಚ್ಚು ಪ್ರೈವೇಟ್ ಶಾಲೆಯ ಎಲ್‌ಕೆಜಿ, ಯುಕೆಜಿಯಲ್ಲಿದ್ದೆ. ಭಾವನ ಮಗನ ಬಗ್ಗೆ ಒಂದು ಮಾತು. ನೂರರವರೆಗೆ ಬರೆಯುವ ಮಗುವಿಗೆ ಎಂಟು ಬಟಾಣಿ ಎಣಿಸಿ ಕೊಡು ಅಂದರೆ ಎಷ್ಟೋ ಸಲ ಆಗುವುದಿಲ್ಲ. ಬಾಯಲ್ಲಿ ಒಂದು ಲೆಕ್ಕ ಓಡುತ್ತೆ, ಬೆರಳು ಇನ್ನೊಂದು ಕಡೆ ಹೋಗುತ್ತೆ. ಎಬಿಸಿಡಿ ಹಾಡುವುದೂ ಹಾಗೇ. ಮಗು ಜಾಣನೇ ಇರಬಹುದು, ನಾನು ಅವನನ್ನು ಕಮ್ಮಿ ಮಾಡುತ್ತಿಲ್ಲ. ಆದರೆ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಹೇಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಆರು ವರ್ಷದ ಮಗುವಿಗೆ ಅದು ತುಂಬಾ ನೋಯುತ್ತೆ.

ಇನ್ನೊಂದು. ನಿಮ್ಮ ಮಗಳಿಗೆ ಜೂನ್ 1ಕ್ಕೆ ಆರು ತುಂಬಿತ್ತಾ? 2025-26ಕ್ಕೆ ಸರ್ಕಾರ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಟ್ಟಿತು. ಹಾಗಾಗಿ ಒಂದೇ ಕ್ಲಾಸಿನಲ್ಲಿ ಐದೂವರೆಯವರೂ ಇದ್ದಾರೆ, ಆರೂವರೆಯವರೂ ಇದ್ದಾರೆ. ಈ ವಯಸ್ಸಿನಲ್ಲಿ ಒಂದು ವರ್ಷದ ಅಂತರ ಅಂದರೆ ಬಹಳ.

ಹುಣಸೂರಿನ ಅಮ್ಮ:

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಓದಿದೆ, ನಮ್ಮೆಜಮಾನರಿಗೂ ಓದಿ ಹೇಳಿದೆ. ಮಗಳಿಗೆ ಆಗಸ್ಟ್‌ನಲ್ಲಿ ಆರು ತುಂಬಿತು.

ದುರ್ಗದ ಟೀಚರ್ ಹೇಳಿದ ಹಾಗೆ ಹಾಳೆಯಲ್ಲಿ "ಅರಸ" ಬರೆದು ಇಟ್ಟೆ. ನೋಡಿದಳು. ಬೆರಳಿಟ್ಟು "ಅ... ರ... ಸ" ಅಂದಳು. ಆಮೇಲೆ ನನ್ನ ಮುಖ ನೋಡಿ "ಅರಸ! ರಾಜ!" ಅಂದಳು. ನಾನು ಗರಗಸ ಬರೆದೆ, ಅದನ್ನೂ ಓದಿದಳು. ಆಮೇಲೆ ನಡೆದಿದ್ದು ನಾನು ಹೇಳಿಕೊಟ್ಟಿದ್ದಲ್ಲ. ಟೀಪಾಯಿ ಮೇಲೆ ಪೇಪರ್ ಇತ್ತು. ಮುಖಪುಟದಲ್ಲಿ ಜಂಬೂಸವಾರಿಯ ದೊಡ್ಡ ಫೋಟೋ, ಮೇಲೆ ದಪ್ಪ ಅಕ್ಷರದಲ್ಲಿ ದಸರಾ ಅಂತ ಇತ್ತು. ಇವಳು ಅದರ ಮುಂದೆ ಕೂತು "ದ, ಸ" ಅಂತ ಓದಿ, ರಾ ಹತ್ತಿರ ನಿಂತಳು. "ಅಮ್ಮ, ಇದು ರ. ಆದ್ರೆ ಇದಕ್ಕೆ ಪಕ್ಕದಲ್ಲಿ ಏನೋ ಬಂದಿದೆ" ಅಂದಳು. ನಮ್ಮತ್ತೆ ಅಲ್ಲೇ ಕೂತಿದ್ದರು. "ಆನೆ ಫೋಟೋ ಇದೆಯಲ್ಲ, ಏನಿರಬಹುದು ಹೇಳು" ಅಂದರು. "ದಸರಾ!" ಅಂತ ಕೂಗಿದಳು. ಇಡೀ ಪೇಪರಿನಲ್ಲಿ ರ ಎಲ್ಲೆಲ್ಲಿದೆ ಅಂತ ಪೆನ್ಸಿಲಿನಲ್ಲಿ ಸುತ್ತು ಹಾಕಿದಳು. ಮಾವ ಪೇಪರ್ ಇನ್ನೂ ಓದಿರಲಿಲ್ಲ, ಏನೂ ಅನ್ನಲಿಲ್ಲ.

ನನಗೆ ಸ್ವಲ್ಪ ಸಮಾಧಾನ ಆಯಿತು. ಆದರೆ ತುಮಕೂರಿನ ಅಣ್ಣ ಹೇಳಿದ್ದೂ ತಲೆಯಲ್ಲಿದೆ. ನಮ್ಮ ಶಾಲೆಯಲ್ಲಿ ಐದು ತರಗತಿಗೆ ಒಬ್ಬರು ಕಾಯಂ ಮಿಸ್, ಒಬ್ಬರು ಅತಿಥಿ ಶಿಕ್ಷಕರು. ರಜೆ ಬೇರೆ ಈ ಸಲ ಶಿಕ್ಷಕರನ್ನು ಮನೆಮನೆಗೆ ಕಳಿಸಿದ ಜಾತಿ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಮುಂದೆ ಹೋಯಿತು, ಅದರ ಬೆನ್ನಿಗೇ ದೀಪಾವಳಿ. ಕಲಿತಿದ್ದು ಮರೆತುಹೋಗುವುದಿಲ್ಲವಾ? ಟ್ಯೂಷನ್ ಹಾಕಬೇಕಾ? ಲೆಕ್ಕಕ್ಕೆ ಏನು ಮಾಡಲಿ?

ದುರ್ಗದ ನಲಿಕಲಿ ಟೀಚರ್:

ಆ ರ ಪಕ್ಕದ ಗುರುತನ್ನು ಅವಳೇ ಕಂಡುಹಿಡಿದಳಲ್ಲ, ಅದು ಎಷ್ಟು ದೊಡ್ಡದು ಗೊತ್ತಾ? ಕಾಗುಣಿತ ಶುರುವಾದಾಗ "ರ ಇಳಿ ರಾ" ಅಂತ ಹೇಳಿಕೊಡುತ್ತೇವೆ. ಅವಳಿಗೆ ಆಗ "ಓ, ಪೇಪರಿನಲ್ಲಿ ಇದ್ದಿದ್ದು" ಅಂತ ಹೊಳೆಯುತ್ತೆ. ಈಗಲೇ ಕಾಗುಣಿತ ಪೂರ್ತಿ ಬರೆಸಲು ಹೋಗಬೇಡಿ. ಕೇಳಿದ್ದಕ್ಕೆ ಮಾತ್ರ ಹೇಳಿ.

ಟ್ಯೂಷನ್ ಬೇಡ. ಹಳ್ಳಿಯ ಟ್ಯೂಷನ್‌ನಲ್ಲಿ ಸಾಮಾನ್ಯವಾಗಿ ಅದೇ ಅಆಇಈ ಹತ್ತು ಸಲ ಬರೆಸುತ್ತಾರೆ. ಬೆಳಿಗ್ಗೆ ಒಂದು ಕ್ರಮ, ಸಂಜೆ ಇನ್ನೊಂದು ಕ್ರಮ ಆದರೆ ಮಗುವಿಗೆ ಗೊಂದಲ. ಬರೆಸಬೇಕು ಅನ್ನಿಸಿದರೆ ಮೊರದಲ್ಲಿ ರಾಗಿ ಹರಡಿ, ಬೆರಳಿನಲ್ಲಿ ಬರೆಯಲಿ. ವಿಜಯದಶಮಿಗೆ ಅಕ್ಕಿ ಮೇಲೆ ಅಕ್ಷರಾಭ್ಯಾಸ ಮಾಡಿಸುತ್ತೇವಲ್ಲ, ಅದನ್ನೇ ದಿನಾ ಮಾಡಿ. ತಪ್ಪಾದರೆ ಕೈ ಆಡಿಸಿದರೆ ಅಳಿಸಿಹೋಯಿತು. ರಬ್ಬರ್ ಉಜ್ಜಿ ಹಾಳೆ ಹರಿಯುವ ಭಯ ಇಲ್ಲ.

ಲೆಕ್ಕಕ್ಕೆ ಹುಣಸೆಬೀಜ ಸಾಕು. ನಿಮ್ಮ ಕಡೆ ಹುಣಸೆಬೀಜಕ್ಕೆ ಬರವಿಲ್ಲ. ಮೊದಲು ಒಂಬತ್ತರವರೆಗೆ ಗಟ್ಟಿ ಆಗಲಿ. ಮುಷ್ಟಿಯಲ್ಲಿ ಏಳು ಬೀಜ ತೋರಿಸಿ, ಕೆಲವನ್ನು ಇನ್ನೊಂದು ಕೈಗೆ ಹಾಕಿ ಮುಚ್ಚಿ, "ಇಲ್ಲಿ ಮೂರಿದೆ, ಅಲ್ಲಿ ಎಷ್ಟು?" ಅಂತ ಕೇಳಿ. ಕೂಡುವುದು, ಕಳೆಯುವುದು ಎರಡೂ ಅದರಲ್ಲೇ ಬಂತು. ಹತ್ತು ಆದ ಮೇಲೆ ಕಡ್ಡಿ ಕಟ್ಟಿ. ಹತ್ತು ಪೊರಕೆಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಇಪ್ಪತ್ತೊಂದು ಅಂದರೆ ಎರಡು ಕಟ್ಟು, ಒಂದು ಬಿಡಿ ಕಡ್ಡಿ. ಇದನ್ನು ಕೈಯಲ್ಲಿ ಹಿಡಿಯದ ಮಕ್ಕಳು ಇಪ್ಪತ್ತೊಂದನ್ನು 201 ಅಂತ ಬರೆಯುತ್ತಾರೆ. ಕೇಳಿದ ಹಾಗೇ ಬರೆಯುತ್ತವೆ, ಮೊದಲು ಇಪ್ಪತ್ತು, ಆಮೇಲೆ ಒಂದು. ನೂರರವರೆಗೆ ಬಾಯಿಪಾಠ ಬಂದ ಮಕ್ಕಳಲ್ಲೂ ಇದನ್ನು ನೋಡಿದ್ದೇನೆ.

ಇಂಗ್ಲಿಷ್ ಬಗ್ಗೆಯೂ ಮನೆಯಲ್ಲಿ ಮಾತು ಬಂದಿರುತ್ತೆ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಈಗ ಅವಳಿಗೆ ಬೇಕಾಗಿರುವುದು ಕೇಳುವುದು, ಹೇಳುವುದು. ಬರೆಯುವುದು ಆಮೇಲೆ.

ತುಮಕೂರಿನ ಅಪ್ಪ:

ಮೇಡಂ, ನೀವು ಮಾಡುವ ಹಾಗೆ ಎಲ್ಲರೂ ಮಾಡಿದರೆ ನನಗೆ ತಕರಾರೇ ಇಲ್ಲ. ನನ್ನ ಪ್ರಶ್ನೆ ಬೇರೆ. ತಂದೆ ತಾಯಿಗೆ ಗೊತ್ತಾಗುವುದು ಹೇಗೆ? ಪ್ರೈವೇಟ್‌ನಲ್ಲಿ ತಿಂಗಳಿಗೊಂದು ಟೆಸ್ಟ್, ಡೈರಿ, ಮಾರ್ಕ್ಸ್. ಇಲ್ಲಿ "ಚೆನ್ನಾಗಿ ಕಲಿಯುತ್ತಿದ್ದಾನೆ" ಅನ್ನುವ ಒಂದೇ ಮಾತು. ನನಗೂ ಮೂರು ವರ್ಷ ಅದನ್ನೇ ಹೇಳಿದರು. ನಾನು ನಂಬಿದೆ.

ಕೋಟೆ ಮೇಷ್ಟ್ರು (ನಿವೃತ್ತ):

ನ್ಯಾಯವಾದ ಪ್ರಶ್ನೆ. ಉತ್ತರ ಗೋಡೆ ಮೇಲೇ ಇದೆ. ಪ್ರಗತಿ ನೋಟ ಅಂತ ಒಂದು ಪಟ್ಟಿ ತರಗತಿಯಲ್ಲಿ ಇರಬೇಕು. ಯಾವ ಮಗು ಯಾವ ಮೈಲಿಗಲ್ಲು ದಾಟಿದೆ ಅಂತ ಅದರಲ್ಲಿ ಗುರುತು ಮಾಡಿರುತ್ತಾರೆ. ಅದನ್ನು ಕೇಳಿ ನೋಡುವುದು ನಿಮ್ಮ ಹಕ್ಕು. ಎರಡು ತಿಂಗಳ ಹಿಂದೆ ಇದ್ದ ಜಾಗದಲ್ಲೇ ಮಗು ಇನ್ನೂ ನಿಂತಿದ್ದರೆ ಅಲ್ಲೇ ಮಾತು ಎತ್ತಿ. ಪಟ್ಟಿ ಖಾಲಿ ಇದ್ದರೆ ಅದೂ ಒಂದು ಉತ್ತರವೇ.

ವರ್ಷದ ಕೊನೆಗೆ ಎಲ್ಲಿ ಇರಬೇಕು ಅನ್ನುವುದಕ್ಕೂ ಅಳತೆ ಇದೆ. ಚಿಕ್ಕ ಮಕ್ಕಳ ಓದು, ಲೆಕ್ಕ ಗಟ್ಟಿ ಮಾಡುವ ಕೇಂದ್ರದ ನಿಪುಣ್ ಭಾರತ್ ಯೋಜನೆಯ ಗುರಿಯ ಪ್ರಕಾರ ಒಂದನೇ ತರಗತಿ ಮುಗಿಯುವಾಗ ಮಗು ಹಿಂದೆ ನೋಡಿರದ 4-5 ಸರಳ ಪದಗಳ ಪುಟ್ಟ ವಾಕ್ಯ ಓದಬೇಕು, 99ರವರೆಗಿನ ಸಂಖ್ಯೆ ಗೊತ್ತಿರಬೇಕು. ಅಂದರೆ "ಅವನ ಮಗ ಮರ ಬಳಸಿದ" ಎಂಬಂಥದ್ದು ಏಪ್ರಿಲ್ ಹೊತ್ತಿಗೆ ಸಲೀಸಾಗಿ ಬರಬೇಕು. ಬರಲಿಲ್ಲವಾದರೆ ಎರಡನೇ ತರಗತಿಯಲ್ಲಿ ಸರಿಹೋಗುತ್ತದೆ ಬಿಡು ಅಂತ ಕೂರಬೇಡಿ. ನಿಮ್ಮ ಮಗನ ವಿಷಯದಲ್ಲಿ ಆಗಿದ್ದು ಅದೇ ಇರಬೇಕು. ಮೆಟ್ಟಿಲು ಗಟ್ಟಿಯಾಗದೆ ಮೇಲೆ ಹತ್ತಿಸಿಬಿಟ್ಟರು. ಪದ್ಧತಿ ಹೇಳುವುದು ಇದರ ಉಲ್ಟಾ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ, ಹಾಸನ:

ಶಿಕ್ಷಕರ ಕೊರತೆ ಬಗ್ಗೆ ಒಂದು ಮಾತು. ಬೇಜಾರು ಮಾಡಿಕೊಂಡು ಮಗುವನ್ನು ತೆಗೆದುಕೊಂಡು ಹೋಗುವವರು ಹೋಗುತ್ತಲೇ ಇದ್ದಾರೆ. ಮಕ್ಕಳ ಸಂಖ್ಯೆ ಇಳಿದ ಹಾಗೆ ಹುದ್ದೆಯೂ ಹೋಗುತ್ತೆ. ನಮ್ಮೂರಲ್ಲಿ ಹಾಗೇ ಒಂದು ಹುದ್ದೆ ಹೋಯಿತು. ನಾವು ಮಾಡಿದ್ದು ಹೀಗೆ. ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆಸಿ, ಅತಿಥಿ ಶಿಕ್ಷಕರು ಬೇಕು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲೇ ಕೊಟ್ಟೆವು. ಬಾಯಿಮಾತಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಜೊತೆಗೆ ಬಿಸಿಯೂಟದ ಸಾಮಾನು ತೂಗುವುದು, ಹಾಲಿನ ಲೆಕ್ಕ ಇಡುವುದಕ್ಕೆ ಪೋಷಕರಲ್ಲೇ ಇಬ್ಬರು ಪಾಳಿ ಹಾಕಿಕೊಂಡು ಮಿಸ್‌ಗೆ ನೆರವಾದೆವು. ಅವರಿಗೆ ಬೆಳಗಿನ ಹೊತ್ತು ಮಕ್ಕಳ ಜೊತೆ ಕೂರಲು ಸಿಕ್ಕಿತು. ಹುಣಸೂರಿನ ಅಕ್ಕ, ಇದನ್ನು ನೀವೂ ಮಾಡಬಹುದು. ಎರಡನೇ ಅವಧಿ ಏಪ್ರಿಲ್‌ವರೆಗೆ ಇದೆ, ಸಮಯ ಇದೆ.

ತಾಂಡಾ ಶಾಲೆ ಸರ್:

ಮರೆತುಹೋಗುವುದಿಲ್ಲವಾ ಅಂತ ಕೇಳಿದ್ದಿರಿ ಅಕ್ಕ. ಸ್ವಲ್ಪ ಮರೆಯುತ್ತಾರೆ. ರಜೆ ಆದ ಮೇಲೆ ಮೊದಲ ವಾರ ನಾವೂ ಹಿಂದಿನ ಕಾರ್ಡುಗಳನ್ನೇ ಮತ್ತೆ ಆಡಿಸುತ್ತೇವೆ. ಹೆದರಬೇಡಿ.

ಹುಣಸೂರಿನ ಅಮ್ಮ:

ದೀಪಾವಳಿ ಮುಗಿದು ಶಾಲೆ ಶುರುವಾಯಿತು. ಬಿಡುವು ಮಾಡಿಕೊಂಡು ನಾನು, ನಮ್ಮೆಜಮಾನರು ಇಬ್ಬರೂ ಹೋದೆವು. ಪ್ರಗತಿ ನೋಟ ತೋರಿಸಿ ಅಂದಾಗ ಮಿಸ್‌ಗೆ ಆಶ್ಚರ್ಯ ಆಯಿತು, ಈವರೆಗೆ ಯಾರೂ ಕೇಳಿರಲಿಲ್ಲವಂತೆ. ಪಟ್ಟಿ ತುಂಬಿಸಿದ್ದರು. ಮಗಳ ಹೆಸರಿನ ಮುಂದೆ ಗಣಿತಕ್ಕಿಂತ ಕನ್ನಡ ಸ್ವಲ್ಪ ಮುಂದಿದೆ. ಗಣಿತದಲ್ಲಿ ಏಳು, ಎಂಟರ ಹತ್ತಿರ ತಡವರಿಸುತ್ತಾಳೆ ಅಂತ ಮಿಸ್ಸೇ ಹೇಳಿದರು. ನನಗೆ ಅದೇ ಒಳ್ಳೆಯದು ಅನ್ನಿಸಿತು. ಚೆನ್ನಾಗಿದ್ದಾಳೆ ಅನ್ನುವುದಕ್ಕಿಂತ ಇಲ್ಲಿ ತಡವರಿಸುತ್ತಾಳೆ ಅನ್ನುವುದು ಉಪಯೋಗದ ಮಾತು.

ಅವರ ಕಷ್ಟವನ್ನೂ ಹೇಳಿಕೊಂಡರು. ಅತಿಥಿ ಶಿಕ್ಷಕಿ ನಾಲ್ಕು, ಐದನೇ ಕ್ಲಾಸು ನೋಡಿಕೊಳ್ಳುತ್ತಾರೆ. ಮಿಸ್ ಮೀಟಿಂಗಿಗೆ ಹೋದ ದಿನ ಅವರೊಬ್ಬರೇ ಐದು ತರಗತಿಯನ್ನೂ ನೋಡಬೇಕು. ಎಸ್‌ಡಿಎಂಸಿ ಅಧ್ಯಕ್ಷರು ನಮ್ಮ ಬೀದಿಯವರೇ. ಹಾಸನದವರು ಹೇಳಿದ ಹಾಗೆ ಮುಂದಿನ ಸಭೆಯಲ್ಲಿ ಬರೆಸಿಕೊಡಲು ಒಪ್ಪಿದ್ದಾರೆ. ಹಾಲಿನ ಲೆಕ್ಕಕ್ಕೆ ನಾನು ಮತ್ತು ಇನ್ನೊಬ್ಬ ತಾಯಿ ವಾರಕ್ಕೆ ಎರಡು ದಿನ ಹೋಗುತ್ತೇವೆ.

ಈ ವರ್ಷ ಶಾಲೆ ಬದಲಾಯಿಸುವುದಿಲ್ಲ. ಏಪ್ರಿಲ್‌ನಲ್ಲಿ ಮೇಷ್ಟ್ರು ಹೇಳಿದ ವಾಕ್ಯ ಓದಿಸಿ ನೋಡುತ್ತೇವೆ. ಆಗಲೂ ಓದದಿದ್ದರೆ ಬೇರೆ ಯೋಚನೆ ಮಾಡುತ್ತೇವೆ ಅಂತ ಮಿಸ್‌ಗೂ ಮುಖಾಮುಖಿ ಹೇಳಿ ಬಂದಿದ್ದೇವೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ತುಮಕೂರಿನ ಅಪ್ಪ:

ಸರಿಯಾದ ನಿರ್ಧಾರ ಅಕ್ಕ. ಇನ್ನೊಂದು ಮಾಡಿ. ಅದೇ ಕೋಣೆಯ ಮೂರನೇ ಕ್ಲಾಸಿನ ಮಕ್ಕಳು ಹೇಗೆ ಓದುತ್ತಾರೆ ಅಂತ ಒಂದು ದಿನ ಕೂತು ಕೇಳಿ. ಎರಡು ವರ್ಷ ಆದ ಮೇಲೆ ನಿಮ್ಮ ಮಗಳು ಎಲ್ಲಿರುತ್ತಾಳೆ ಅಂತ ಅಲ್ಲೇ ಗೊತ್ತಾಗುತ್ತೆ. ನಾನು ಆಗ ಕೇಳಬೇಕಿದ್ದಿದ್ದು ಅದನ್ನೇ.

ಹುಣಸೂರಿನ ಅಮ್ಮ:

ಖಂಡಿತ ಕೇಳುತ್ತೇನೆ ಅಣ್ಣ. ಕೊನೆಗೆ ಒಂದು ಪ್ರಶ್ನೆ. ಮನೆಯಲ್ಲಿ ಓದಲು ದಪ್ಪ ಅಕ್ಷರದ, ಒಂದು ಪುಟಕ್ಕೆ ಒಂದೋ ಎರಡೋ ಸಾಲು ಇರುವ ಕನ್ನಡ ಕಥೆಪುಸ್ತಕ ಎಲ್ಲಿ ಸಿಗುತ್ತೆ? ಹುಣಸೂರಿನ ಅಂಗಡಿಗಳಲ್ಲಿ ಬರೀ ಬಣ್ಣ ಹಚ್ಚುವ ಪುಸ್ತಕ ಇವೆ.

ಬೆಂಗಳೂರು ನರ್ಸರಿ ಮಿಸ್:

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ಇದೆ. ಮೊಬೈಲಿನಲ್ಲಿ ಕನ್ನಡ ಆರಿಸಿಕೊಂಡು, ಹಂತ 1 ಅಂತ ಒತ್ತಿ. ಚಿತ್ರ ದೊಡ್ಡದು, ಸಾಲು ಕಮ್ಮಿ, ದುಡ್ಡು ಕೊಡಬೇಕಿಲ್ಲ, ಪ್ರಿಂಟ್ ತೆಗೆಸಿಕೊಳ್ಳಬಹುದು. ಪುಸ್ತಕವೇ ಬೇಕಾದರೆ ಮೈಸೂರಿಗೆ ಹೋದಾಗ ನವಕರ್ನಾಟಕ ಮಳಿಗೆಯಲ್ಲಿ ವಿಚಾರಿಸಿ. ಮೊದಲು ನೀವು ಓದಿ ಹೇಳಿ, ಅವಳು ಚಿತ್ರ ನೋಡಲಿ. ಗೊತ್ತಿರುವ ಅಕ್ಷರ ಬಂದಲ್ಲಿ ಅವಳೇ ನಿಮ್ಮನ್ನು ನಿಲ್ಲಿಸುತ್ತಾಳೆ.